ಕುಂಬಳಕಾಯಿಗೆ ಮೊದಲ ಗುಂಡು

ಮಾವನ ಮನೆಯಲ್ಲಿ ಆಯುಧಪೂಜೆಯ ಬೂದುಗುಂಬಳವನ್ನು ಮಚ್ಚಿನಿಂದ ಒಡೆಯುತ್ತಿರಲಿಲ್ಲ, ಗುಂಡಿನಿಂದ ಒಡೆಯುತ್ತಿದ್ದರು. ಮೊದಲ ಗುಂಡು ಮನೆಯ ಹಿರಿಯನದು. ಅವನ ಗುರಿ ತಪ್ಪಿತೋ, ಅಲ್ಲಿಂದಾಚೆಗೆ ಆ ಮರ್ಯಾದೆ ಕಿರಿಯನಿಗೆ. ಮಾವನಿಗೆ ಗಂಡುಮಕ್ಕಳಿಲ್ಲ. ಹಾಗಾಗಿ ಆ ಕಿರಿಯ ನಾನೇ: ಅವರ ಅಕ್ಕನ ಮಗ, ಮಗಳ ಗಂಡ.

ಮಾವ ಕುದುರೆ ಪಡೆಯಲ್ಲಿದ್ದು, ನಿವೃತ್ತರಾಗಿ ಮೊಳಕಾಲ್ಮೂರಿಗೆ ಬಂದವರು. ಜೊತೆಗೆ ಒಂದು ಜರ್ಮನ್ ಪಿಸ್ತೂಲೂ ಬಂದಿತ್ತು. ಒಂದು ಗುಂಡು ಹಾರಿದೊಡನೆ ಮುಂದಿನದನ್ನು ತಾನೇ ಏರಿಸಿಕೊಳ್ಳುವಂಥದ್ದು. ನಮ್ಮ ಸೀಮೆಯಲ್ಲಿ ಆಗ ಅಂಥದನ್ನು ಕಂಡವರೇ ಕಡಿಮೆ. ಹಿಡಿ ಕುಡುಗೋಲಿನದರಂತೆ ಗುಂಡಗೆ, ಗುಂಡು ತುಂಬುವ ಗೂಡು ಬೆರಳಿನಿಂದ ಒತ್ತುವ ಕುದುರೆಯ ಮುಂದುಗಡೆ, ಇಡೀ ಪಿಸ್ತೂಲು ಮಲಗಲು ಒಂದು ಮರದ ಪೆಟ್ಟಿಗೆ. ನನಗದು ಅಜ್ಜನ ಕಾಲದ ಸಾಮಾನಿನಂತೆ ಕಾಣುತ್ತಿತ್ತು. ನಾನು ಪರವಾನಗಿ ಮಾಡಿಸಿ ಹೊಸದೊಂದನ್ನು ತರಿಸಿಕೊಂಡಿದ್ದೆ. ಕೋಟಿನ ಜೇಬಿಗೆ ಇಳಿಯುವಷ್ಟು ಚಪ್ಪಟೆ. ಗುಂಡಿನ ಪಟ್ಟಿಯನ್ನು ಹಿಡಿಯೊಳಗೇ ತಳ್ಳಿದರೆ ಮುಗಿಯಿತು. ನನ್ನ ಜಂಬ ಹೇಳತೀರದು.

ಆ ವರ್ಷದ ಬೇಸಿಗೆಯಲ್ಲಿ ಮಾವನಿಗೆ ಕೆಟ್ಟ ಜ್ವರ ಬಂತು. ಅದು ಹೋಗುವಾಗ ಬಲಗೈಯಲ್ಲಿ ನಡುಕ ಬಿಟ್ಟುಹೋಯಿತು. ಮಜ್ಜಿಗೆಯ ಲೋಟ ಎತ್ತಿದರೆ ಬಾಯಿಗಿಂತ ಮೀಸೆಗೇ ಹೆಚ್ಚು ಪಾಲು. ದಸರೆ ಹತ್ತಿರವಾದಾಗ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು.

"ಈ ಸಲ ನೀನೇ ಹೊಡಿಯಪ್ಪ. ನಾಕು ಜನದ ಮುಂದೆ ಗುರಿ ತಪ್ಪಿದ್ರೆ ಆ ಮನುಷ್ಯ ಸೊರಗಿ ಹೋಗ್ತಾನೆ."

"ಅದನ್ನ ಅವರಿಗೆ ಹೇಳೋರು ಯಾರತ್ತೆ?" ಎಂದೆ.

ವಿಜಯದಶಮಿಯ ಬೆಳಿಗ್ಗೆ ಚಳ್ಳಕೆರೆ ಕಡೆಯ ಚಾಂದ್‌ಮಾರಿಗೆ ಹೋದೆವು. ಪೊಲೀಸರು ಗುರಿ ಕಲಿಯುವ ಮಣ್ಣುದಿಬ್ಬವದು. ಸುತ್ತಲ ಕಾವಲಿನಲ್ಲಿ ಮೇಯುತ್ತಿದ್ದ ದನಗಳು ಆಚೆ ದಾಟುವವರೆಗೆ ಕಾದೆವು. ಚಳ್ಳಕೆರೆಯ ಸಾಬರೂ ಬಂದಿದ್ದರು. ಹೊಲಿಗೆ ಯಂತ್ರ, ಬಂದೂಕು ಎರಡನ್ನೂ ರಿಪೇರಿ ಮಾಡುವ, ನಮ್ಮ ಮನೆಯ ಗೆಳೆಯರು. ಅವರ ಕೈಯಲ್ಲಿ ಇನ್ನೂ ಹೊಸ ಮಾದರಿಯದೊಂದು ಪಿಸ್ತೂಲಿತ್ತು. ಕುಂಬಳಕಾಯಿ ಕಟ್ಟುವ ಮೊದಲು ಹಳತು ಹೊಸತುಗಳನ್ನು ಮಡಕೆಗಳ ಮೇಲೆ ಪರೀಕ್ಷಿಸೋಣವೆಂದೆ.

ನನ್ನ ಮೊದಲ ಗುಂಡಿಗೆ ಮಡಕೆ ಚೂರಾಯಿತು. ಮೀಸೆ ತಿರುವಿ ಎರಡನೆಯದಕ್ಕೆ ಒತ್ತಿದರೆ ಪಿಸ್ತೂಲು ಮಿಸುಕಲಿಲ್ಲ. ಸಾಬರು ಬಿಚ್ಚಿ ನೋಡಿ ಹಣೆ ಹಣೆ ಬಡಿದುಕೊಂಡರು.

"ಅರೆ ಭಾಯ್, ಮಶೀನಿನ ಹೊಟ್ಟೆಯೊಳಗೆ ಗಂಧ ಹಾಕ್ತಾರೇನು?"

ಹಿಂದಿನ ದಿನದ ಆಯುಧಪೂಜೆಯಲ್ಲಿ ಅತ್ತೆ ನನ್ನ ಪಿಸ್ತೂಲಿಗೆ ಗಂಧ, ಕುಂಕುಮ, ವಿಭೂತಿ ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಎಲ್ಲ ಒಣಗಿ ಗಾರೆಯಾಗಿತ್ತು.

ಮಾವ ಹೊಟ್ಟೆ ಹಿಡಿದು ನಕ್ಕರು. ಖುಷಿಯಾದರೆ ಅವರ ಬಾಯಿಗೆ ತೆಲುಗು ಬರುವುದು. "ಏನು ಅಲ್ಲುಡೂ, ನಾನೂ ಒಂದ್ಸಲ ಹಿಂಗೇ ಕಲ್ತೆ. ಅವತ್ತಿಂದ ನನ್ನ ಪಿಸ್ತೂಲಿನ ಪೂಜೆ ಮರದ ಪೆಟ್ಟಿಗೆಗೆ ಮಾತ್ರ" ಎಂದರು. ಅಳಿಯನಿಗೆ ಮೊದಲೇ ಹೇಳಬಹುದಿತ್ತು. ಹೇಳಿದ್ದರೆ ಈ ತಮಾಷೆ ಎಲ್ಲಿ ಸಿಗುತ್ತಿತ್ತು?

ಸಾಬರ ಪಿಸ್ತೂಲು ಮಾತ್ರ ನಿಜಕ್ಕೂ ಚಿನ್ನದಂಥದ್ದು. ಹಗುರ, ಚುರುಕು, ಮುಂಗೈಗೆ ಒದೆತವೇ ತಿಳಿಯದು. ಹಳೆಯದು ಇದರ ಮುಂದೆ ಏನೂ ಅಲ್ಲವೆಂದು ಬಾಯಿಬಿಟ್ಟೇ ಹೇಳಿದೆ. ಮಾವ ಅದನ್ನು ತೆಗೆದುಕೊಂಡು ಕೈ ಚಾಚಿದರು. ಹಗುರವಾದಷ್ಟೂ ಅದು ಅವರ ನಡುಕಕ್ಕೆ ಹೆಚ್ಚು ಕುಣಿಯಿತು. ಗುಂಡುಗಳೆಲ್ಲ ದಿಬ್ಬದ ಮಣ್ಣಿಗೆ ಹೋದವು. ನನಗೆ ನಿಜವಾಗಿ ಸಂಕಟವಾಯಿತು.

ಕುಂಬಳಕಾಯಿ ಕಟ್ಟಿದರು. ಮಾವ ತಮ್ಮ ಪಿಸ್ತೂಲನ್ನು ಹೊರತೆಗೆದು, ಖಾಲಿಯಾದ ಮರದ ಪೆಟ್ಟಿಗೆಯನ್ನು ಅದರ ಹಿಡಿಯ ಹಿಂದಕ್ಕೆ ಸಿಕ್ಕಿಸಿದರು. ಪೆಟ್ಟಿಗೆಯೇ ಕೋವಿಯ ಹಿಂಬದಿಯ ಕಟ್ಟಿಗೆಯಾಯಿತು. ಅದನ್ನು ಭುಜಕ್ಕೆ ಆನಿಸಿ, ಎಡಗೈಯನ್ನು ಕೆಳಗೆ ಕೊಟ್ಟರು. ನಡುಕ ನಿಂತಿತು.

"ಮಾವ, ಇದು ಪಿಸ್ತೂಲೋ ಕೋವಿಯೋ?"

"ಕುಂಬಳಕಾಯಿನ ಕೇಳು" ಎಂದು ಒತ್ತಿದರು. ಕಾಯಿ ಸಿಡಿದು ಕುಂಕುಮದ ನೀರು ದಿಬ್ಬಕ್ಕೆ ಚಿಮ್ಮಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು. ಗೆಲುವು ನನ್ನದೇ ಅನ್ನುವಷ್ಟು ಸಂತೋಷವಾಗಿತ್ತು.

ಮಾವ ಪೆಟ್ಟಿಗೆ ಕಳಚಿ, ಪಿಸ್ತೂಲನ್ನು ನನ್ನತ್ತ ಚಾಚಿದರು.

"ಬರೋ ವರ್ಷದಿಂದ ಮೊದಲ ಗುಂಡು ನಿಂದು."

"ಯಾಕೆ ಮಾವ, ಗುರಿ ತಪ್ಪಲಿಲ್ಲವಲ್ಲ?"

"ಅದಕ್ಕೇ. ತಪ್ಪಿದ ಮ್ಯಾಲೆ ನೀನು ಕಿತ್ಕೊಂಡಂಗೆ ಆಕ್ಕೈತೆ. ಇವತ್ತಾದ್ರೆ ನಾನು ಕೊಟ್ಟಂಗೆ."

ನೀಡಿದ ಕೈ ಮತ್ತೆ ನಡುಗುತ್ತಿತ್ತು. ಅವರು ಅದನ್ನು ಮುಚ್ಚಿಡಲಿಲ್ಲ.