ನೆಗ್ಗು ಹೋದ ದೀಪ

ಮಾವ ಆ ಕಾರನ್ನು ಯಲಬುರ್ಗಾದಿಂದ ಎತ್ತು ಹೂಡಿ ಎಳೆಸಿಕೊಂಡು ಕೊಪ್ಪಳಕ್ಕೆ ತಂದಾಗ ಮಳೆ ಜಿನುಗುತ್ತಿತ್ತು ಎಂದು ನನ್ನ ನೆನಪು. ಸುಡುಬೇಸಿಗೆ ಎಂದು ಅವ್ವ ಹೇಳುತ್ತಿದ್ದಳು. ಎರಡನೆಯ ಮಹಾಯುದ್ಧ ನಡೆದಿತ್ತು, ಪೆಟ್ರೋಲು ಸಿಗುತ್ತಿರಲಿಲ್ಲ. ಇಷ್ಟನ್ನು ಇಬ್ಬರೂ ಒಪ್ಪುತ್ತಿದ್ದೆವು.

ಮಾವ ಅವ್ವನ ತಮ್ಮ, ಬಸ್ಸು ರಿಪೇರಿ ಮಾಡುವವ. ಅವರ ಅಪ್ಪ, ಅಂದರೆ ನನ್ನ ಅಜ್ಜ, ಸಾಹುಕಾರರೊಬ್ಬರ ಕಾರು ನಡೆಸುತ್ತ ನಡೆಸುತ್ತಲೇ ಮುದುಕನಾಗಿ ತೀರಿಕೊಂಡಿದ್ದ. ಆ ಸಾಹುಕಾರರಲ್ಲಿ ಒಂದೇ ನಮೂನೆಯ ಎರಡು ಕಾರುಗಳಿದ್ದವು. ಅಜ್ಜ ಮುಟ್ಟಿದ್ದು ಒಂದನ್ನೇ. ಕೊನೆಗೆ ಅವರ ಕೊಟ್ಟಿಗೆಯಲ್ಲಿ ಉಳಿದದ್ದೂ ಒಂದೇ, ಮಾವ ತಂದದ್ದು ಅದನ್ನು.

"ಎಣ್ಣಿ ಇಲ್ಲ, ಗಾಲಿಗೆ ಟೈರಿಲ್ಲ, ಕಣ್ಣರ ಅದಾವೇನು? ಇದನ್ಯಾಕ ಹೊತ್ಕೊಂಡು ಬಂದಿ?" ಎಂದಳು ಅವ್ವ.

"ಓಡೂದು ಆಮ್ಯಾಲಿನ ಮಾತು ಅಕ್ಕಾ. ಅಪ್ಪ ಕುಂತಿದ್ದು ಇದರಾಗೋ ಅದರಾಗೋ, ಅದು ತಿಳಿಬೇಕು. ತಿಳಿಯೂತನಕ ಒಂದು ಮೊಳಿ ಸೈತ ಜಡಿಯಂಗಿಲ್ಲ."

ಬಣ್ಣದಿಂದ ತಿಳಿಯಲಿಲ್ಲ. ಅಜ್ಜನ ಕಾರನ್ನು ಕಂಡವರೊಬ್ಬರು ಕಪ್ಪು ಎಂದರು, ಗಂಗಾವತಿಯ ಒಬ್ಬರು ಹಸಿರು ಎಂದು ಆಣೆ ಹಾಕಿದರು. ಕೆರೆದು ನೋಡಿದರೆ ಕಪ್ಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಇಟ್ಟಿಗೆಯ ಬಣ್ಣ. ಎಲ್ಲರೂ ಸತ್ಯವನ್ನೇ ಹೇಳಿದ್ದರು, ಅದರಿಂದ ಏನೂ ಸಿಗಲಿಲ್ಲ.

ಉಳಿದದ್ದು ನೆಗ್ಗು. ಕುಷ್ಟಗಿ ದಾರಿಯಲ್ಲಿ ಎತ್ತೊಂದು ಬೆದರಿ ಅಜ್ಜನ ಕಾರಿನ ಮುಂದಿನ ದೀಪಕ್ಕೆ ಕೊಂಬಿನಿಂದ ತಿವಿದು ನೆಗ್ಗಿಸಿತ್ತಂತೆ. ಮಾವ ಆಗ ಅಜ್ಜನ ಪಕ್ಕದಲ್ಲೇ ಕುಳಿತಿದ್ದ. ನಮ್ಮ ಕಾರಿನ ದೀಪಗಳು ಇರಲೇ ಇಲ್ಲ. ಅವುಗಳಲ್ಲಿ ಒಂದನ್ನು ಸಾಹುಕಾರರ ಅಂಗಳ ಗುಡಿಸುತ್ತಿದ್ದ ತಳಕಲ್ಲಿನ ಮುದುಕಿ ಕೇಳಿ ಒಯ್ದಿದ್ದಾಳೆಂದು ಕೊಟ್ಟಿಗೆ ಕಾಯುವವನು ಹೇಳಿದ. ಮಾವನ ಜೊತೆ ನಾನೂ ಹೋದೆ.

ದೀಪ ದೇವರ ಗೂಡಿನಲ್ಲಿತ್ತು. ಗಾಜು ತೆಗೆದು, ಅದರ ಹೊಳೆಯುವ ಬಟ್ಟಲನ್ನು ಗೋಡೆಗೆ ಆನಿಸಿ, ಅದರ ಮುಂದೆ ಎಣ್ಣೆಯ ಹಣತೆ ಇಟ್ಟಿದ್ದಳು. ಒಂದು ಬತ್ತಿಯ ಬೆಳಕು ನಡುಮನೆಗೆಲ್ಲ ಬರುತ್ತಿತ್ತು. ಮಾವ ಬಟ್ಟಲಿನ ಸುತ್ತ ಬೆರಳಾಡಿಸಿದ. ಎಲ್ಲಿಯೂ ಒಂದು ತಗ್ಗಿರಲಿಲ್ಲ.

"ನಮ್ಮದಲ್ಲ," ಎಂದ. ಆದರೂ ಮತ್ತೊಂದು ಸುತ್ತು ಸವರಿದ.

"ಏನು ಹುಡುಕತಿ ತಮ್ಮಾ?"

"ನಮ್ಮಪ್ಪನ ಕಾರಿನ ದೀಪಕ್ಕ ಎತ್ತು ತಿವಿದ ನೆಗ್ಗು ಹುಡುಕತೀನಿ, ಯವ್ವಾ."

"ಅದಾ? ನೆಗ್ಗಿದ್ದು ದೇವರ ಮುಂದ ನಡಿತೈತೇನಪ್ಪಾ? ಕಂಚಗಾರನ ಕಡೆ ಬಡಿಸಿ ಸಾಪ್ ಮಾಡಿಸೀನಿ, ನೋಡು ಹೆಂಗದ."

ಮಾವ ನೆಲದ ಮೇಲೆ ಕುಳಿತುಬಿಟ್ಟ. ನಗುತ್ತಿದ್ದನೋ ಅಳುತ್ತಿದ್ದನೋ, ನನಗೆ ಎರಡೂ ನೆನಪಿದೆ. ಮುದುಕಿ ಗಾಬರಿಯಾಗಿ ಹಣತೆಯನ್ನು ಪಕ್ಕಕ್ಕಿಟ್ಟು, "ಒಯ್ಯಿ, ನಿಮ್ಮಪ್ಪಂದು ಅಂದ್ರ ಒಯ್ಯಿ," ಎಂದಳು.

"ಬ್ಯಾಡವ್ವಾ. ಎಲ್ಲಿ ನೆಗ್ಗಿತ್ತು, ಅಷ್ಟು ಹೇಳು."

ಅವಳು ಬಟ್ಟಲಿನ ಕೆಳಅಂಚಿಗೆ ಹೆಬ್ಬೆರಳು ಒತ್ತಿದಳು. ದಾರಿಯುದ್ದಕ್ಕೂ ಮಾವ ನನಗೆ ಹೇಳಿದ್ದು ಮೇಲಂಚು. ಅದನ್ನು ಅಲ್ಲಿ ಬಾಯಿಬಿಟ್ಟು ಹೇಳಲಿಲ್ಲ.

ಕೊಪ್ಪಳದ ಕಂಚಗಾರನಿಂದ ಅಂಥದೇ ಜೋಡಿ ಬಟ್ಟಲು ಮಾಡಿಸಿದ. ಒಂದಕ್ಕೆ ನೆಗ್ಗು ಹಾಕಿಕೊಡು ಎಂದರೆ ಅವನು ಸುತ್ತಿಗೆಯನ್ನು ಹಿಂದಕ್ಕೆ ಸರಿಸಿಕೊಂಡ. "ಹೊಸ ಭಾಂಡೆಕ್ಕ ಏಟು ಹಾಕಾಂಗಿಲ್ರಿ. ಬೇಕಾದ್ರ ನೀವ ಹಾಕ್ಕೋರಿ."

ಮಾವನೇ ಹಾಕಿಕೊಂಡ, ಕೆಳಅಂಚಿಗೆ, ಮುದುಕಿಯ ಹೆಬ್ಬೆರಳು ಇದ್ದಲ್ಲಿ. ಮರುದಿನದಿಂದ ಮೊಳೆ ಜಡಿಯಲು ಕುಳಿತ.

ಯುದ್ಧ ಮುಗಿದು ಪೆಟ್ರೋಲು ಬಂದ ಮೇಲೆ ಕಾರು ಓಡಿತು. ಮೊದಲು ಹೋದದ್ದು ತಳಕಲ್ಲಿಗೆ. ಮುದುಕಿ ಕಾರಿನ ದೀಪದ ಮುಂದೆ ಬಗ್ಗಿ, ನೆಗ್ಗನ್ನು ಮುಟ್ಟಿ, "ಎತ್ತು ತಿವಿದದ್ದು ಇಲ್ಲೇ ನೋಡಪ್ಪಾ," ಎಂದಳು.

"ಹೌದವ್ವಾ, ಇಲ್ಲೇ," ಎಂದ ಮಾವ, ಅವಳಿಗೆ ಕಾರಿನ ಬಾಗಿಲು ತೆರೆದು.