ಫೋನ್ ಅಂಗಡಿಯ ಮುಂದೆ ನಲವತ್ತನೇ ದಿನದ ಗೋಧಿ

ನಮ್ಮೂರಲ್ಲಿ ಯಾರಾದರೂ ಸತ್ತರೆ ಮೊದಲ ಫೋನು ವೆಲಿಕಾಳಿಗೆ ಹೋಗುತ್ತದೆ, ಆಮೇಲೆ ಪಾದ್ರಿಗೆ. ಪಾದ್ರಿಗೂ ಇದು ಗೊತ್ತು, ಬೇಜಾರೇನಿಲ್ಲ. ಪಾದ್ರಿ ಸಿಗದಿದ್ದರೆ ಪಕ್ಕದೂರಿನವನನ್ನು ಕರೆಸಬಹುದು. ವೆಲಿಕಾ ಸಿಗದಿದ್ದರೆ ಮಣ್ಣು ಮುಗಿಸಿ ಹಸಿದು ಬಂದ ಅಷ್ಟು ಜನಕ್ಕೆ ಬೇಯಿಸಿ ಹಾಕುವವರು ಯಾರು?

ಬಲ್ಗೇರಿಯಾದ ರೊಡೋಪಿ ಬೆಟ್ಟಗಳ ಬುಡದ ಈ ಪೇಟೆಯಲ್ಲಿ ಹಿಂದೆ ಒಂದು ತಂಬಾಕಿನ ಕಾರ್ಖಾನೆ ಇತ್ತು. ವೆಲಿಕಾ ಅಲ್ಲಿಯ ಕ್ಯಾಂಟೀನಿನಲ್ಲಿ ಅಡುಗೆಯವಳು. ಕಾರ್ಖಾನೆ ಮುಚ್ಚಿದ ದಿನ ಉಳಿದವರೆಲ್ಲ ಕುರ್ಚಿ, ಗಡಿಯಾರ, ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಹೋದರೆ ಇವಳು ಎಲ್ಲಕ್ಕಿಂತ ದೊಡ್ಡ ಹಂಡೆಯನ್ನು ತಳ್ಳುಗಾಡಿಗೆ ಹಾಕಿಕೊಂಡು ಮನೆಗೆ ಬಂದಳು. "ಇದನ್ನ ಏನು ಮಾಡ್ತೀಯೇ, ಒಳಗೆ ಕೂತು ಸ್ನಾನ ಮಾಡ್ತೀಯಾ?" ಎಂದು ಗಂಡ ನಕ್ಕಿದ್ದ. ಎರಡು ವರ್ಷ ಕಳೆದು ಆ ಹಂಡೆಯಲ್ಲಿ ಮೊದಲು ಬೆಂದದ್ದು ಅವನದೇ ನಲವತ್ತನೇ ದಿನದ ಗೋಧಿ. ತಿಂದವರು ಕಣ್ಣೊರೆಸಿಕೊಂಡು ಇನ್ನೊಂದು ಬಟ್ಟಲು ಕೇಳಿದರು. ಅಂದಿನಿಂದ ಅವಳ ಕಸುಬು ಇದೇ ಆಯಿತು.

ಮಣ್ಣಿನ ದಿನ, ಒಂಬತ್ತನೇ ದಿನ, ನಲವತ್ತನೇ ದಿನ ಸತ್ತವರ ಹೆಸರಲ್ಲಿ ಹಂಚುವ ಗೋಧಿ ಎಂದರೆ ತಮಾಷೆಯಲ್ಲ. ಕಾಳು ಮೆತ್ತಗಾಗಬೇಕು, ಒಡೆಯಬಾರದು. ಬೆಂದದ್ದನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಆರಿಸಿ, ಸಕ್ಕರೆ, ಅಕ್ರೋಟು, ಬಿಸ್ಕತ್ತಿನ ಪುಡಿ ಸೇರಿಸಬೇಕು. ವೆಲಿಕಾ ಇದನ್ನೆಲ್ಲ ಮಾಡುತ್ತ ಜೊತೆಗೆ ಬೈಯುವುದನ್ನೂ ಮಾಡುತ್ತಾಳೆ. ಸಾವಿನ ಮನೆ ಎಂದು ಅವಳ ಬಾಯಿಗೆ ಬೀಗ ಬೀಳುವುದಿಲ್ಲ. "ಅತ್ತಿದ್ದು ಸಾಕು, ಸೂಪು ಆರ್ತಾ ಇದೆ. ಅವನಿದ್ದಿದ್ರೆ ಇಷ್ಟೊತ್ತಿಗೆ ಎರಡು ಬಟ್ಟಲು ಇಳಿಸ್ತಿದ್ದ, ಕುಡೀರಿ!" ಎಂದು ಗದರುತ್ತಾಳೆ. ಜನ ಅಳುತ್ತಲೇ ನಗುತ್ತಾರೆ, ನಗುತ್ತಲೇ ಕುಡಿಯುತ್ತಾರೆ. ಊರಿಗೆಲ್ಲ ಅವಳು ಲೇಲ್ಯಾ, ಅಂದರೆ ಚಿಕ್ಕಮ್ಮ. ಅವಳ ಫೋನ್ ನಂಬರು ಬೇಕರಿಯ ಗೋಡೆಯ ಮೇಲಿದೆ, ಚರ್ಚಿನ ಬಾಗಿಲ ಹಿಂದಿದೆ, ಮುದುಕರ ಜೇಬಿನ ಚೀಟಿಯಲ್ಲಿದೆ.

ಇಂಥವಳಿಗೆ ಈಸ್ಟರ್ ಕಳೆದ ವಾರ ಪೇಟೆ ಬೀದಿಯ ಫೋನ್ ಅಂಗಡಿಯ ಪ್ಲಾಮೆನ್ ಟೋಪಿ ಹಾಕಿದ. ಕೆಟ್ಟವನಲ್ಲ, ಎರಡು ಮಕ್ಕಳ ತಂದೆ. ಆದರೆ ಮಾತು ಮಾತ್ರ ಜೇನು. "ಲೇಲ್ಯಾ, ನಮ್ಮ ಕಂಪನಿಗೆ ಬನ್ನಿ, ನಂಬರು ಅದೇ ಇರುತ್ತೆ, ಹೊಸ ಫೋನು ಕೊಡ್ತೀವಿ. ನಮ್ಮ ಸಿಗ್ನಲ್ಲು ಬೆಟ್ಟದ ತುದಿಗೂ ಬರುತ್ತೆ, ಕರಡಿಗಳೂ ಮಾತಾಡ್ತಾವೆ," ಎಂದ. ವೆಲಿಕಾ ನಗುತ್ತ ಎರಡು ವರ್ಷದ ಕರಾರಿಗೆ ಸಹಿ ಹಾಕಿದಳು.

ಕರಡಿಗಳು ಮಾತಾಡಿದವೋ ಇಲ್ಲವೋ, ಮೇಲಿನ ಕೇರಿಯಲ್ಲಿದ್ದ ವೆಲಿಕಾಳ ಮನೆಗೆ ಸಿಗ್ನಲ್ಲು ಬರಲಿಲ್ಲ. ಅಡುಗೆಮನೆಯಲ್ಲಿಲ್ಲ, ಅಂಗಳದಲ್ಲಿಲ್ಲ. ಚೆರಿ ಮರಕ್ಕೆ ಏಣಿ ಹಾಕಿ ಹತ್ತಿದರೆ ಮಾತ್ರ ಒಂದು ಗೆರೆ ಕಾಣುತ್ತಿತ್ತು. "ಲೇಲ್ಯಾ ಮರ ಹತ್ತಿದ್ದಾಳೆ, ಈಗ ಮಾಡಿದ್ರೆ ಸಿಗ್ತಾಳೆ," ಎಂದು ಕೇರಿಯವರು ಆಡಿಕೊಂಡರು. ಬೇಸಿಗೆಯಿಡೀ ಅವಳೂ ನಕ್ಕು ಸುಮ್ಮನಾದಳು. ಅಕ್ಟೋಬರಿನಲ್ಲಿ ಕಿನಾ ಸತ್ತಳು.

ಕಿನಾ ಮತ್ತು ವೆಲಿಕಾ ಶಾಲೆಯಲ್ಲಿ ಒಂದೇ ಬೆಂಚಿನವರು. ಜಗಳವಾಡದೆ ಅವರಿಬ್ಬರು ಒಂದು ಕಾಫಿ ಕುಡಿದದ್ದನ್ನು ಕಂಡವರಿಲ್ಲ. ಯಾರು ಮೊದಲು ಹೋದರೂ ಉಳಿದವಳು ಗೋಧಿ ಬೇಯಿಸಬೇಕು ಎಂದು ಮಾತಾಗಿತ್ತು. "ನೀನು ಮೊದಲು ಹೋದ್ರೆ ನಾನು ಅಂಗಡಿಯಿಂದ ತರ್ತೀನಿ ಕಣೇ, ನನ್ನ ಕೈಲಾಗಲ್ಲ," ಎನ್ನುತ್ತಿದ್ದಳು ಕಿನಾ. "ಹಾಗಾದ್ರೆ ನೀನೇ ಮೊದಲು ಹೋಗು," ಎನ್ನುತ್ತಿದ್ದಳು ವೆಲಿಕಾ. ಆಗಸ್ಟಿನಲ್ಲಿ ಕೆಂಪು ಮೆಣಸಿನಕಾಯಿ ಸುಡುವ ಒಲೆಯ ವಿಷಯಕ್ಕೆ ಅವರಿಬ್ಬರಿಗೆ ಜೋರು ಜಗಳವಾಯಿತು. ಕಿನಾಳಿಂದ ಎರವಲು ಒಯ್ದ ವೆಲಿಕಾ ಅದರ ತಂತಿ ಸುಟ್ಟು ವಾಪಸು ಕೊಟ್ಟಿದ್ದಳು. ವೆಲಿಕಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ ಎಂದು ಕಿನಾ ಊರೆಲ್ಲ ಸಾರಿದಳು. ಹಿಂದೆ ಇಂಥವು ಎಷ್ಟೋ ಆಗಿದ್ದವು, ಕ್ರಿಸ್‌ಮಸ್ಸಿಗೆ ಸರಿಹೋಗುತ್ತಿದ್ದವು. ಈ ಸಲ ಕ್ರಿಸ್‌ಮಸ್ಸಿನ ತನಕ ಕಿನಾಳ ಹೃದಯ ಕಾಯಲಿಲ್ಲ.

ಕಿನಾ ಜಿಲ್ಲಾ ಆಸ್ಪತ್ರೆಯಲ್ಲಿ ತೀರಿಕೊಂಡ ಸಂಜೆ ಅವಳ ಮಗಳು ಬಿಲ್ಯಾನಾ ವೆಲಿಕಾಳಿಗೆ ಫೋನು ಮಾಡಿದಳು. ಮತ್ತೆ ಮಾಡಿದಳು. ಬೆಳಿಗ್ಗೆ ಎದ್ದು ಮತ್ತೆ ಮಾಡಿದಳು. ಚಂದಾದಾರರು ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಯಾವುದೋ ಹೆಣ್ಣುದನಿ ಹೇಳುತ್ತಲೇ ಇತ್ತು. ಬೇಕಂತಲೇ ಫೋನು ಆರಿಸಿಟ್ಟಿದ್ದಾಳೆ, ಅಮ್ಮ ಸತ್ತರೂ ಇವಳ ಸಿಟ್ಟು ಇಳಿದಿಲ್ಲ ಎಂದುಕೊಂಡ ಬಿಲ್ಯಾನಾ ಮೇಲಿನ ಕೇರಿಗೆ ಯಾರನ್ನೂ ಕಳಿಸಲಿಲ್ಲ. ಮಣ್ಣಿನ ಊಟಕ್ಕೆ ಹೋಟೆಲಿನಿಂದ ಸೂಪು ಬಂತು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಂಗಡಿಯ ಗೋಧಿ ಬಂತು.

ವೆಲಿಕಾಳಿಗೆ ಸುದ್ದಿ ತಿಳಿದದ್ದು ಮಣ್ಣಾದ ಮರುದಿನ. ಬ್ರೆಡ್ಡು ತರಲು ಕೆಳಗಿಳಿದಾಗ ವಿದ್ಯುತ್ ಕಂಬದ ಮೇಲಿನ ಕಪ್ಪಂಚಿನ ಸಾವಿನ ಕಾಗದದ ಫೋಟೋದಲ್ಲಿ ಕಿನಾ ನಗುತ್ತಿದ್ದಳು. ವೆಲಿಕಾ ಬೀದಿಯ ಮಧ್ಯೆಯೇ ಕೂತು ಬಾಯಿ ಬಡಿದುಕೊಂಡು ಅತ್ತಳು. ಒಂಬತ್ತನೇ ದಿನ ಗೋಧಿ ಬೇಯಿಸಿಕೊಂಡು ಕಿನಾಳ ಮನೆಗೆ ಹೋದರೆ ಬಿಲ್ಯಾನಾ ಬಾಗಿಲನ್ನು ಅರ್ಧವೇ ತೆರೆದಳು.

"ಬೇಡ ಲೇಲ್ಯಾ. ಬೇಕಾದಾಗ ಬರ್ಲಿಲ್ಲ, ಈಗ್ಯಾಕೆ?"

"ನನ್ನ ಫೋನು ಸತ್ತಿತ್ತು ಮಗಳೇ..."

"ಎಲ್ರೂ ಹಾಗೇ ಹೇಳ್ತಾರೆ," ಎಂದು ಬಾಗಿಲು ಹಾಕಿದಳು. ಪಾತ್ರೆ ಹೊತ್ತು ಮನೆಗೆ ಬಂದ ವೆಲಿಕಾಳಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಕಿನಾ ಹೋದದ್ದೊಂದು ನೋವು. ಕೊಟ್ಟ ಮಾತು ತಪ್ಪಿದವಳು ಎಂದು ಕಿನಾಳ ಮಗಳೇ ನಂಬಿರುವುದು ಅದಕ್ಕಿಂತ ದೊಡ್ಡ ನೋವು.

ಮರುದಿನ ಫೋನ್ ಅಂಗಡಿಗೆ ನುಗ್ಗಿದಳು.

"ಪ್ಲಾಮೆನ್, ಈ ಕರಾರು ಮುರಿ. ನನ್ನ ನಂಬರು ನನಗೆ ವಾಪಸ್ ಕೊಡು. ನನ್ನ ಹಳೇ ಕಂಪನಿಯ ಕಂಬ ನನ್ನ ಮನೆ ಹಿಂದೇನೇ ಇದೆ, ಅಲ್ಲಿಗೆ ಹೋಗ್ತೀನಿ."

"ಎರಡು ವರ್ಷ ಆಗದೆ ಬಿಡೋ ಹಾಗಿಲ್ಲ ಲೇಲ್ಯಾ. ಬಿಟ್ರೆ ಉಳಿದ ತಿಂಗಳುಗಳ ದುಡ್ಡೆಲ್ಲ ಒಟ್ಟಿಗೆ ಕಟ್ಟಬೇಕು."

"ಬಾರದ ಸಿಗ್ನಲ್ಲಿಗೆ ದುಡ್ಡಾ?"

"ನಮ್ಮ ನಕ್ಷೆ ಪ್ರಕಾರ ನಿಮ್ಮನೇಲಿ ಸಿಗ್ನಲ್ಲು ಇದೆ."

"ಹಾಗಾದ್ರೆ ನಿನ್ನ ನಕ್ಷೆಗೆ ಹೇಳು, ನಮ್ಮನೆಗೆ ಬಂದು ಒಂದು ಕಾಫಿ ಕುಡಿದು ನಾಲ್ಕು ಮಾತಾಡಿ ಹೋಗ್ಲಿ!"

ಪ್ಲಾಮೆನ್ ಕೈ ಚೆಲ್ಲಿದ. ವೆಲಿಕಾ ಕಂಪನಿಯ ರಾಜಧಾನಿಯ ಕಚೇರಿಗೆ ಬರೆದರೆ ಅಲ್ಲಿಂದಲೂ ನಕ್ಷೆಯದೇ ರಾಗ ಬಂತು. ವೆಲಿಕಾ ಮತ್ತೆ ಬಂದಳು, ಮತ್ತೆ ಅದೇ ಮಾತು. ಕೊನೆಗೊಂದು ದಿನ ಅವನೇ ಬೇಸತ್ತು, "ದಂಡ ಇಲ್ದೆ ಕರಾರು ಮುಗಿಯೋದು ಒಂದೇ ದಾರೀಲಿ ಲೇಲ್ಯಾ. ಸಾವಾದ್ರೆ ಮಾತ್ರ," ಎಂದುಬಿಟ್ಟ.

ವೆಲಿಕಾ ಬಾಗಿಲಲ್ಲೇ ನಿಂತಳು. "ಸಾವಾದ್ರೆ?"

"ಹೂಂ. ಚಂದಾದಾರರು ಸತ್ತರೆ."

"ಸಾವು ಅಂದ್ಯಲ್ಲ, ಅಷ್ಟು ಸಾಕು ಬಿಡಪ್ಪಾ. ಅದು ನನ್ನ ಕಸುಬು," ಎಂದು ಹೊರಟಳು.

ನಮ್ಮೂರಿನ ಸಾವಿನ ಕಾಗದಗಳನ್ನೆಲ್ಲ ಅಚ್ಚು ಹಾಕುವವನು ಅಸೆನ್. ವೆಲಿಕಾ ಹೇಳಿದ್ದನ್ನು ಕೇಳಿ ಅವನು ಮೊದಲು ಕನ್ನಡಕ ತೆಗೆದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ, ಆಮೇಲೆ ಕೆಲಸಕ್ಕೆ ಕೂತ. ಮರುದಿನ ಬೆಳಿಗ್ಗೆ ಫೋನ್ ಅಂಗಡಿಯ ಬಾಗಿಲಿಗೆ, ಪೇಟೆಯ ಕಂಬಗಳಿಗೆ ಕಪ್ಪಂಚಿನ ಕಾಗದ ಅಂಟಿತ್ತು. ಫೋಟೋ ಇರಬೇಕಾದ ಜಾಗದಲ್ಲಿ ಒಂದು ಫೋನು. ಅದರ ಕೆಳಗೆ ಹೀಗಿತ್ತು:

"ಅತೀವ ದುಃಖದಿಂದ ತಿಳಿಸುವುದೇನೆಂದರೆ, ಮೇಲಿನ ಕೇರಿಯ ವೆಲಿಕಾಳ ಫೋನು, ಚಿಕ್ಕ ವಯಸ್ಸಿನಲ್ಲೇ, ಕಿನಾ ತೀರಿಕೊಂಡ ಸಂಜೆ ತೀರಿಕೊಂಡಿತು. ಕಿನಾಳ ಮಗಳು ಕರೆದಾಗ ಅದು ಸತ್ತಿತ್ತು. ವೆಲಿಕಾ ಬದುಕಿದ್ದಳು. ಒಂದು ಸಲ ಕೇಳಿಸಿದ್ದರೂ ಬರಿಗಾಲಲ್ಲಿ ಓಡಿ ಬರುತ್ತಿದ್ದಳು. ನಲವತ್ತನೇ ದಿನದ ಗೋಧಿಯನ್ನು ಶನಿವಾರ ಸಂತೆಯ ಹೊತ್ತಿಗೆ ಈ ಅಂಗಡಿಯ ಮುಂದೆ ಹಂಚಲಾಗುವುದು. ಎಲ್ಲರೂ ಬನ್ನಿ."

ಸಾವಿನ ಕಾಗದವನ್ನು ನಮ್ಮಲ್ಲಿ ಯಾರೂ ಕೀಳುವುದಿಲ್ಲ. ಮಳೆ ನೆನೆಸಬೇಕು, ಗಾಳಿ ಒಯ್ಯಬೇಕು. ಕೈಯಿಂದ ಕಿತ್ತವನ ಮನೆಯನ್ನು ಜನ ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಅಷ್ಟೇ ಅಲ್ಲ, ಸಾವಿನ ಕಾಗದ ಅಂಟಿದ ಬಾಗಿಲೊಳಗೆ ಹೋಗಿ ಯಾರು ತಾನೇ ಹೊಸ ಫೋನು ಕೊಳ್ಳುತ್ತಾರೆ? ಬಂದವರು ಬಾಗಿಲಲ್ಲಿ ನಿಂತು ಓದಿ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ನಗು ತಡೆದುಕೊಂಡು ಹಿಂದಕ್ಕೆ ಹೋದರು. ಸುದ್ದಿ ಮುಟ್ಟಿದ ಕೂಡಲೇ ರಾಜಧಾನಿಯ ಕಚೇರಿಯ ಮೇಡಂ ಫೋನಿನಲ್ಲಿ ಕಿರುಚಿದಳು, "ಅದನ್ನು ಕಿತ್ತು ಬಿಸಾಕು!"

"ನೀವೇ ಬಂದು ಕೀಳಿ ಮೇಡಂ," ಎಂದ ಪ್ಲಾಮೆನ್. "ನಮ್ಮಮ್ಮ ಇದೇ ಊರಲ್ಲಿದ್ದಾಳೆ. ನಾನು ಕೈ ಹಚ್ಚಿದ್ರೆ ಮನೆಗೆ ಸೇರಿಸಲ್ಲ."

ಶನಿವಾರ ಬಂತು. ಮೇಲಿನ ಕೇರಿಯಿಂದ ತಳ್ಳುಗಾಡಿಯ ಮೇಲೆ ಹಂಡೆ ಇಳಿಯಿತು. ಹಿಂದೆ ವೆಲಿಕಾ, ಕಪ್ಪು ಬಟ್ಟೆ, ಕಪ್ಪು ತಲೆವಸ್ತ್ರ, ಕೈಯಲ್ಲಿ ಸೌಟು. ಅಯ್ಯೋ, ಆ ಜನ! ಕುರಿ ಮಾರಲು ಬಂದವರು ಕುರಿಯ ಹಗ್ಗ ಹಿಡಿದೇ ಬಂದರು. ವೆಲಿಕಾ ಮೇಜಿನ ಮೇಲೆ ಫೋನನ್ನಿಟ್ಟು, ಪಕ್ಕದಲ್ಲಿ ಮೇಣದಬತ್ತಿ ಹಚ್ಚಿ, ಬಟ್ಟಲು ತುಂಬತೊಡಗಿದಳು.

"ದೇವರು ಕ್ಷಮಿಸಲಿ," ಎಂದು ಸತ್ತವರ ಗೋಧಿಗೆ ಆಡುವ ಮಾತನ್ನೇ ಆಡಿ ಮೊದಲು ತಗೊಂಡವನು ಅಸೆನ್. "ಒಳ್ಳೇ ಫೋನು. ಯಾರಿಗೂ ಒಂದು ಕೆಟ್ಟ ಮಾತಾಡಿದ್ದಿಲ್ಲ."

"ಒಳ್ಳೇ ಮಾತೂ ಆಡಿದ್ದಿಲ್ಲ," ಎಂದಳು ವೆಲಿಕಾ.

ಬೀದಿಯೆಲ್ಲ ಗೊಳ್ಳೆಂದಿತು. ಯಾರೋ ತನ್ನ ಫೋನನ್ನೂ ತಂದು ಮೇಣದಬತ್ತಿಯ ಪಕ್ಕದಲ್ಲಿಟ್ಟ. "ನಮ್ಮದೂ ಹಾಸಿಗೆ ಹಿಡಿದಿದೆ ಲೇಲ್ಯಾ, ಇವತ್ತೋ ನಾಳೆಯೋ," ಎಂದ. ಇನ್ನೊಬ್ಬಳು ತಂದಳು, ಮತ್ತೊಬ್ಬ ತಂದ. ಪ್ಲಾಮೆನ್ ಅಂಗಡಿಯ ಮೆಟ್ಟಿಲ ಮೇಲೆ ಬೆವರುತ್ತ ನಿಂತವನು ಕೊನೆಗೆ ರಾಜಧಾನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಹಿಡಿದ.

"ಚಂದಾದಾರರು ಸತ್ತಿಲ್ಲವಲ್ಲ!" ಎಂದಿತು ಮೇಡಂ ದನಿ.

"ನಾನು ಸತ್ತಿಲ್ಲ ತಾಯಿ," ಎಂದಳು ವೆಲಿಕಾ, ಸೌಟು ಕೆಳಗಿಡದೆ. "ಸತ್ತಿದ್ದು ನಿಮ್ಮ ಫೋನು. ಊರೇ ಸೇರಿ ಗೋಧಿ ತಿಂದಾಯ್ತು. ಗೋಧಿ ತಿಂದ ಮೇಲೆ ಸತ್ತವರನ್ನ ಎಬ್ಬಿಸೋ ಪದ್ಧತಿ ನಮ್ಮಲ್ಲಿಲ್ಲ."

ಇಲ್ಲಿ ಒಬ್ಬೊಬ್ಬರೇ "ದೇವರು ಕ್ಷಮಿಸಲಿ" ಎನ್ನುವುದು ಅಲ್ಲಿಗೂ ಕೇಳುತ್ತಿತ್ತು. "ಎಷ್ಟು ಜನ ಇದ್ದಾರೆ ಪ್ಲಾಮೆನ್?" ಎಂದು ಕೇಳಿದಳು ಮೇಡಂ.

"ಸಂತೆ ಪೂರ್ತಿ ಮೇಡಂ. ಕೆಲವರು ತಮ್ಮ ಫೋನಿಗೂ ಕಾಗದ ಮಾಡಿಸೋಕೆ ಎಷ್ಟಾಗುತ್ತೆ ಅಂತ ಅಸೆನ್‌ನ ಕೇಳ್ತಾ ಇದ್ದಾರೆ."

"ಬಿಟ್ಟುಬಿಡು! ದಂಡ ಬೇಡ, ಏನೂ ಬೇಡ. ನಂಬರು ತಗೊಂಡು ಹೋಗಲಿ. ಆ ಕಾಗದ ಮಾತ್ರ ತೆಗೆಸು!"

ಗೆದ್ದಳು! ಟೋಪಿಗಳು ಮೇಲೆ ಹಾರಿದವು, ಕುರಿಗಳು ಬೆದರಿ ಅರಚಿದವು. ಪ್ಲಾಮೆನ್ ಅಲ್ಲೇ ಕರಾರು ತಂದು ಮುಕ್ತಾಯದ ಮುದ್ರೆ ಒತ್ತಿ ಕೊಟ್ಟು, ಒಂದು ಬಟ್ಟಲು ಗೋಧಿಯನ್ನೂ ಇಸಿದುಕೊಂಡ. "ಕಾಗದ ತೆಗೀತೀರಾ ಲೇಲ್ಯಾ?" ಎಂದು ಮೆಲ್ಲಗೆ ಕೇಳಿದ. "ಅದು ನನ್ನ ಕೈಲೂ ಇಲ್ಲ ಕಣಪ್ಪಾ. ಮಳೆ ಬರ್ಲಿ," ಎಂದಳು ವೆಲಿಕಾ.

ಗದ್ದಲ ತುಸು ಇಳಿದಾಗ ಸಾಲಿನ ಕೊನೆಯಲ್ಲಿ ಬಿಲ್ಯಾನಾ ನಿಂತಿರುವುದು ಕಂಡಿತು. ಜನ ಪಕ್ಕಕ್ಕೆ ಸರಿದರು. ಅವಳು ಹಂಡೆಯ ಮುಂದೆ ಬಂದು ನಿಂತಳು, ಬಟ್ಟಲು ತೆಗೆದುಕೊಳ್ಳಲಿಲ್ಲ.

"ಕಂಬದ ಮೇಲಿನ ಕಾಗದ ಓದಿದೆ ಲೇಲ್ಯಾ. ನೀವು ಬೇಕಂತಲೇ ಎತ್ತಿಲ್ಲ ಅಂದ್ಕೊಂಡಿದ್ದೆ."

"ಎತ್ತದೆ ಇರ್ತೀನಾ ಮಗಳೇ? ನಿಮ್ಮಮ್ಮನ ಜೊತೆ ಜಗಳ ಆಡೋಕಾದ್ರೂ ಎತ್ತುತ್ತಿದ್ದೆ."

"ಇವತ್ತು ಅಮ್ಮನ ನಲವತ್ತು. ಬೆಳಿಗ್ಗೆ ಸ್ಮಶಾನಕ್ಕೆ ಹೋಗಿದ್ದೆ. ನಾನು, ನನ್ನ ಗಂಡ, ಅಂಗಡಿಯಿಂದ ತಂದ ಒಂದು ಡಬ್ಬಿ. ಅಷ್ಟೇ."

"ಗೊತ್ತು."

"ಗೊತ್ತಾ?"

"ಮತ್ತೆ? ಒಂದು ಫೋನಿಗೆ ಅಂತ ನಾನು ಇಷ್ಟೊಂದು ಗೋಧಿ ಬೇಯಿಸ್ತೀನಾ? ನನಗೇನು ತಲೆ ಕೆಟ್ಟಿದೆಯಾ?"

ಬಿಲ್ಯಾನಾ ಹಂಡೆಯನ್ನು ನೋಡಿದಳು, ಬೀದಿ ತುಂಬ ಬಟ್ಟಲು ಹಿಡಿದು ನಿಂತ ಜನರನ್ನು ನೋಡಿದಳು. ಒಮ್ಮೆಗೇ ವೆಲಿಕಾಳ ಕೊರಳಿಗೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ವೆಲಿಕಾಳ ಕೈಯಿಂದ ಸೌಟು ಕಿತ್ತುಕೊಂಡು, ಸಂತೆಗೆಲ್ಲ ಕೇಳುವ ಹಾಗೆ ಕೂಗಿದಳು.

"ಇದು ನಮ್ಮಮ್ಮ ಕಿನಾಳ ಹೆಸರಲ್ಲಿ! ಲೇಲ್ಯಾ ವೆಲಿಕಾ ಬೇಯಿಸಿದ್ದು! ಎಲ್ಲರೂ ಬನ್ನಿ!"

ಗಂಡಸರು ಟೋಪಿ ತೆಗೆದರು. ಆಗಲೇ ನಗುತ್ತ ತಿಂದು ಮುಗಿಸಿದ್ದವರೆಲ್ಲ ಖಾಲಿ ಬಟ್ಟಲು ಹಿಡಿದು ಮತ್ತೆ ಸಾಲು ನಿಂತರು, ಅಂಗಡಿಗೆ ಬೀಗ ಹಾಕಿ ಬಂದ ಪ್ಲಾಮೆನ್ ಕೂಡ. "ಕಿನಾಳನ್ನು ದೇವರು ಕ್ಷಮಿಸಲಿ," ಎಂದು ಒಬ್ಬೊಬ್ಬರೂ ಹೇಳುತ್ತ ಬಂದರು, ಬಿಲ್ಯಾನಾ ಬಡಿಸುತ್ತ ಹೋದಳು. ವೆಲಿಕಾ ಪಕ್ಕದಲ್ಲಿ ನಿಂತು, ಕಣ್ಣೀರು ಸುರಿಯುತ್ತಿದ್ದರೂ, "ಅಷ್ಟು ಕಮ್ಮಿ ಹಾಕ್ಬೇಡ ಕಣೇ, ಬಟ್ಟಲು ತುಂಬಿಸು, ನಿಮ್ಮಮ್ಮ ಜಿಪುಣಿಯಾಗಿರ್ಲಿಲ್ಲ," ಎಂದು ಬೈಯುತ್ತಲೇ ಇದ್ದಳು.