ಉಪ್ಪುಬಂಡೆಗೆ ಬೋಲ್ಟು

ಶಾಗ್ಯದ ಉಪ್ಪುಬಂಡೆಯನ್ನು ಊರವರನ್ನು ಕೇಳದೆ ಕೊರೆದು, ಹಗ್ಗ ಕಟ್ಟಿ ಹತ್ತುವ ಆಟಕ್ಕೆ ಉಕ್ಕಿನ ಬೋಲ್ಟು ಹೊಡೆದಿದ್ದಾರೆ. ಗೆಳೆಯರೇ, ಇದು ಅತಿಕ್ರಮಣ. ಇದಕ್ಕೆ ಬೇರೆ ಹೆಸರಿಲ್ಲ.

ಇಂದು ಸಂಜೆ ಆಡು ಮೇಯಿಸುವ ಪುಟ್ಟಮಾದಮ್ಮ ಎಂದಿನಂತೆ ಬಂಡೆಯ ಬುಡಕ್ಕೆ ಕಲ್ಲುಪ್ಪು ಉಜ್ಜಿ, ಅದನ್ನು ನೆಕ್ಕಲು ಇಳಿದು ಬರಲೆಂದು ಗುಡ್ಡದ ಮೇಲಿದ್ದ ಆಡುಗಳನ್ನು ಕೂಗಿದರು. ಹತ್ತಲು ಬಂದಿದ್ದ ಪಟ್ಟಣದ ತಂಡದ ನಾಯಕ ಅಡ್ಡ ಬಂದ.

"ಅಜ್ಜಿ, ಉಪ್ಪು ಹಾಕಬೇಡಿ. ಕೆಳಗಿನ ಬೋಲ್ಟು ತುಕ್ಕು ಹಿಡಿಯುತ್ತೆ."

"ಉಪ್ಪಿಲ್ದೆ ಆಡು ಇಳಿಯಾಕಿಲ್ಲ ಕಣಪ್ಪ. ಕತ್ಲಾದ್ರೆ ಚಿರ್ತೆ ಬತ್ತದೆ."

"ಬೇರೆ ಬಂಡೆ ನೋಡ್ಕೊಳ್ಳಿ."

"ನಾನು ನೋಡ್ಕತೀನಿ. ಆಡ್ಗೋಳ್ಗೆ ನೀನೇ ಏಳ್ಬುಡಪ್ಪ."

ತಂಡದವರು ನಕ್ಕರು. ಅಲ್ಲೇ ಇದ್ದ ನನಗೆ ನಗು ಬರಲಿಲ್ಲ. ಬಂಡೆಯ ಆಚೆ ಮಗ್ಗುಲು ಪೂರ್ತಿ ಖಾಲಿ ಇದೆ, ಅಲ್ಲಿ ಹತ್ತಿ ಎಂದೆ.

"ಅಲ್ಲಿ ಬಿಸಿಲು ಜಾಸ್ತಿ" ಎಂದು ಹೇಳಿ, ಅವನು ಬಾಟಲಿ ನೀರು ಸುರಿದು ಉಪ್ಪನ್ನು ತೊಳೆದುಬಿಟ್ಟ. ಕತ್ತಲಾದರೂ ಎರಡು ಆಡು ಇಳಿಯಲಿಲ್ಲ. ಪುಟ್ಟಮಾದಮ್ಮ ಇನ್ನೂ ಅಲ್ಲೇ ನಿಂತು ಕೂಗುತ್ತಿದ್ದಾರೆ.

ತಂಡ ಭಾನುವಾರ ಮತ್ತೆ ಬರುತ್ತದಂತೆ. ಬೋಲ್ಟು ಕೀಳಿಸಿ ಆಚೆ ಮಗ್ಗುಲಿಗೆ ಕಳಿಸಬೇಕು. ಬಿಸಿಲಿಗೆ ಅಂಜದವರು ಅಂದು ಬೆಳಿಗ್ಗೆ ಏಳಕ್ಕೆ ಶಾಗ್ಯದ ಬಸ್ ನಿಲ್ದಾಣಕ್ಕೆ ಬನ್ನಿ.